ಅಳತೆ ಪುಸ್ತಕದ ಕಣಜಗಳು

ಹೋದ ತಿಂಗಳು ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದೆ. ನೀರು ಚಿಮುಕಿಸಿದ ಹತ್ತಿಬಟ್ಟೆಯಿಂದ ಬಿಸಿ ಗಂಜಿಯ ವಾಸನೆ ಎದ್ದಿತು. ನಿಮಗೂ ಅನುಭವವಿರಬಹುದು, ಮೂಗು ಕೆಲವೊಮ್ಮೆ ನಮಗಿಂತ ಮೊದಲೇ ಹೊರಟುಬಿಡುತ್ತದೆ. ನನ್ನದು ಹುಮನಾಬಾದಿನ ಈ ಬಾಡಿಗೆ ಮನೆಯಿಂದ ಹೊರಟು ಬಸವಕಲ್ಯಾಣದ ಒಂದು ದರ್ಜಿ ಅಂಗಡಿಯ ಬಾಗಿಲಲ್ಲಿ ನಿಂತಿತು.

ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಪ್ಯಾಂಟು ಹೊಲಿಸಲಿಕ್ಕೆ ಮಾತ್ರ ಬಸ್ಸು ಹಿಡಿದು ಕಲ್ಯಾಣಕ್ಕೆ ಹೋಗುತ್ತಿದ್ದೆ. ನನ್ನ ಹೊಟ್ಟೆಯನ್ನು ನಗದೆ ಅಳೆಯುತ್ತಿದ್ದವರು ಆ ಅಂಗಡಿಯ ರೇವಣಪ್ಪನವರೊಬ್ಬರೇ. ಏಳನೆಯ ತರಗತಿಗೇ ಶಾಲೆ ಬಿಟ್ಟವರು, ಮದುವೆಯಾಗದವರು, ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ.

ಒಮ್ಮೆ ಅವರು ಅಳತೆ ಪುಸ್ತಕ ತೆರೆದಾಗ ಇಣುಕಿದೆ. ಯಾರದೋ ಸೊಂಟ, ಯಾರದೋ ತೋಳು, ನಡುವೆ ಒಂದು ಸಾಲು: ‘ಕಣಜ ಮುಂಜಾನಿ ಮಣ್ಣು ತಂತು. ಮಧ್ಯಾಹ್ನದಿಂದ ಜೇಡ ತರಾಕತ್ತೈತಿ.’ ಏನಿದು ಎಂದು ಕೇಳಿದೆ. ಅವರು ನಾಚಿಕೊಂಡು ತೊಲೆಯ ಕಡೆ ಕೈ ತೋರಿಸಿದರು. ಅಲ್ಲಿ ಹೆಬ್ಬೆರಳಿನಷ್ಟು ಉದ್ದದ ಮಣ್ಣಿನ ಗೂಡುಗಳಿದ್ದವು. ಪ್ರತಿ ಗೂಡಿಗೂ ತಾಯಿ ಕಣಜದ ಹುಳ ಜೇಡಗಳನ್ನು ತುಂಬಿ, ಒಂದು ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗುತ್ತದೆ. ರೇವಣಪ್ಪ ಕಣಜಗಳ ಬೆನ್ನಿಗೆ ಅಂಟಿನಲ್ಲಿ ಕಲಸಿದ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡುತ್ತಿದ್ದರು. ಗೂಡು ಅದುರಬಾರದೆಂದು ಮಷಿನ್ನನ್ನೇ ನಿಲ್ಲಿಸುತ್ತಿದ್ದರು. ಮದುವೆಯ ಅಂಗಿ ತಡವಾಗಿ ಗಿರಾಕಿಗಳು ಜಗಳಕ್ಕೆ ಬಂದದ್ದೂ ಉಂಟು.

ಒಂದು ಮಧ್ಯಾಹ್ನ ಅವರು ಬಾಗಿಲು ಅರ್ಧ ಎಳೆದು, ಬಹಳ ವರ್ಷ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ಗೂಡಿನ ತಳಕ್ಕೆ ಸೂಜಿಯಿಂದ ದೊಡ್ಡ ತೂತು ಮಾಡಿ ನೋಡಿದ್ದರಂತೆ. ತಂದ ಜೇಡ ಕೆಳಗೆ ಬೀಳುತ್ತಿದ್ದರೂ ಕಣಜ ಮತ್ತೆ ಮತ್ತೆ ತಂದು ಹಾಕಿತಂತೆ, ಕೊನೆಗೆ ಖಾಲಿ ಗೂಡಿಗೇ ಮೊಟ್ಟೆಯಿಟ್ಟು ಅಚ್ಚುಕಟ್ಟಾಗಿ ಬಾಯಿ ಮುಚ್ಚಿತಂತೆ. ಒಂದಲ್ಲ, ನೋಡಿದ ಪ್ರತಿಯೊಂದೂ.

ನನಗೆ ಪದವಿಯ ಸೊಕ್ಕಿತ್ತು. ಇದೇನೂ ಹೊಸದಲ್ಲ, ಪರದೇಶದ ಒಬ್ಬರು ಇಂಥದನ್ನು ಎಂದೋ ನೋಡಿ ಬರೆದಿಟ್ಟಿದ್ದಾರೆ, ನಮ್ಮ ಪಠ್ಯದಲ್ಲೇ ಇದೆ ಎಂದುಬಿಟ್ಟೆ. ಅವರ ಮುಖ ಬಾಡುತ್ತದೆ ಎಂದುಕೊಂಡೆ. ಅದು ಅರಳಿತು.

“ನನ್ನಂಗ ಇನ್ನೊಬ್ರು ಕುಂತು ನೋಡ್ಯಾರಂದ್ರ... ಅವರು ಇನ್ನಾ ಅದಾರೇನ್ರಿ, ಸರ್? ಒಂದು ಕಾಗದ ಬರೀತಿದ್ದೆ.”

ಅವರು ತೀರಿಹೋಗಿ ನೂರು ವರ್ಷವಾಗಿರಬಹುದು ಎಂದೆ. ರೇವಣಪ್ಪ ಸೂಜಿಗೆ ದಾರ ಪೋಣಿಸಲು ತಲೆ ತಗ್ಗಿಸಿದರು. “ಭಾಳ ತಡ ಆಯ್ತು ಹಂಗಾದ್ರ,” ಎಂದಷ್ಟೇ ಹೇಳಿದರು.

ಆಮೇಲೆ ನಾನು ಹೋಗಲಿಲ್ಲ. ಜಗಳವಾಗಿರಲಿಲ್ಲ. ಸಿದ್ಧ ಉಡುಪಿನ ಅಂಗಡಿ ಮನೆ ಹತ್ತಿರವೇ ಬಂತು, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ನಿವೃತ್ತನೂ ಆದೆ.

ಇಸ್ತ್ರಿ ಹಾಕಿದ ಮರುದಿನ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅವರ ತಮ್ಮನ ಮಗಳು ಮಹಾದೇವಿ ಬ್ಲೌಸ್ ಹೊಲಿಯುತ್ತಿದ್ದಳು. ರೇವಣಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಹೆಸರು ಕೇಳಿ ಆಕೆ ಎದ್ದು ನಿಂತಳು.

“ದೊಡ್ಡಪ್ಪ ಭಾಳ ಸಲ ಕೇಳ್ತಿದ್ರು ನೋಡ್ರಿ. ಸರ್ ಹುಮನಾಬಾದದಾಗ ಅದಾರೋ, ವರ್ಗ ಆಗ್ಯಾರೋ ಅಂತ.”

ನಾನು ಎಲ್ಲಿಗೂ ಹೋಗಿರಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಆಕೆ ಕೊನೆಯ ಪುಸ್ತಕ ಕೊಟ್ಟಳು. ಅಳತೆಗಳು ಕಡಿಮೆಯಾಗುತ್ತ, ಹುಳದ ಸಾಲುಗಳೇ ಹೆಚ್ಚಾಗುತ್ತ ಹೋಗಿದ್ದವು. ಒಂದು ಪುಟದಲ್ಲಿ ಹೀಗಿತ್ತು: ‘ಇವತ್ತು ಒಂದು ಕಣಜ ಕೆಳಗ ಇಳಿದು ತೂತು ನೋಡಿತು. ಮಣ್ಣು ತಂದು ಮುಚ್ಚಿತು. ಇದೊಂದೇ. ತೋರಸಬೇಕಂದ್ರ ಬಾಜೂಕ ಯಾರೂ ಇದ್ದಿಲ್ಲ.’

ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಆ ಒಂದು ಕಣಜ ಎಲ್ಲೂ ಇಲ್ಲ. ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಒಬ್ಬರೇ ಒಂದೇ ಸಲ ಕಂಡದ್ದಕ್ಕೆ ಬೆಲೆಯಿಲ್ಲ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಈಗ ಭಾನುವಾರಗಳಂದು ಕಲ್ಯಾಣಕ್ಕೆ ಹೋಗುತ್ತೇನೆ. ಮಹಾದೇವಿ ಒಂದು ಸ್ಟೂಲು ಹಾಕಿಕೊಡುತ್ತಾಳೆ. ಗೂಡಿಗೆ ತೂತು ಮಾಡಿ, ಸಂಜೆಯವರೆಗೆ ಕತ್ತೆತ್ತಿ ಕೂಡುತ್ತೇನೆ. ಈವರೆಗೆ ಯಾವ ಕಣಜವೂ ಕೆಳಗಿಳಿದು ನೋಡಿಲ್ಲ. ಮರಳುವಾಗ ಬಸ್ಸಿನಲ್ಲಿ ಪಕ್ಕದವರು ಯಾರಾದರೂ, ಪ್ರತಿ ವಾರ ಕಲ್ಯಾಣದಾಗ ಏನ್ ಕೆಲಸರಿ ಎಂದು ಕೇಳುತ್ತಾರೆ. ನಮ್ಮವರೊಬ್ಬರ ಮನೆ ಇದೆ ಎನ್ನುತ್ತೇನೆ.