ಎಲ್ಡನ್ ಟೊಬೆನ್ ನಡೆದು ನೋಡಿದ ನೆಲ

ಎಲ್ಡನ್ ಆಗಸ್ಟ್ ಟೊಬೆನ್, ತೀರಿಕೊಂಡಾಗ ಎಪ್ಪತ್ತೇಳು ವರ್ಷ. ನೆಬ್ರಾಸ್ಕದ ಲೂಪ್ ನದಿಯ ಬಯಲಿನಲ್ಲಿ ಮೆಕ್ಕೆಜೋಳ ಬೆಳೆದವನು. ಹೈನ್ರಿಕ್ ಮತ್ತು ಫ್ರೀಡಾ ಟೊಬೆನ್ ದಂಪತಿಯ ನಾಲ್ಕನೆಯ ಮಗ. ಹೆಂಡತಿ ಆರ್ಲೀಟಾ ಅವನಿಗಿಂತ ಒಂಬತ್ತು ವರ್ಷ ಮೊದಲೇ ಹೋದಳು. ಒಬ್ಬಳೇ ಮಗಳು ನಡೀನ್, ಊರಿನ ಧಾನ್ಯದ ಉಗ್ರಾಣದಲ್ಲಿ ಕೆಲಸಕ್ಕಿದ್ದಾಳೆ.

ಹೊಲದ ನಡುವೆ ಅವನು ಅರ್ಧ ಮೈಲಿ ಉದ್ದದ ಹುಲ್ಲಿನ ರನ್‌ವೇಯೊಂದನ್ನು ಉಳಿಸಿಕೊಂಡಿದ್ದ. ಪ್ರತಿ ಜೂನ್ ತಿಂಗಳ ಎರಡನೆಯ ಶನಿವಾರ ಸುತ್ತಲಿನ ಮೂರು ರಾಜ್ಯಗಳ ಸಣ್ಣ ವಿಮಾನಗಳು ಅಲ್ಲಿಗೆ ಬಂದಿಳಿಯುತ್ತಿದ್ದವು. ಹಾರಿಸುವವರು ರೈತರು, ಹಲ್ಲಿನ ವೈದ್ಯರು, ನಿವೃತ್ತ ಶಿಕ್ಷಕಿಯರು. ರೆಕ್ಕೆಯ ಕೆಳಗೆ ಡೇರೆ ಹಾಕಿ ಮಲಗಿ, ನಮ್ಮ ಚರ್ಚಿನ ಹೆಂಗಸರು ಬೇಯಿಸಿದ ಪ್ಯಾನ್‌ಕೇಕ್ ತಿಂದು, ಒಬ್ಬರು ಇಳಿದ ರೀತಿಯನ್ನು ಇನ್ನೊಬ್ಬರು ಆಡಿಕೊಂಡು ನಕ್ಕು, ಭಾನುವಾರ ಮಧ್ಯಾಹ್ನ ಹಾರಿಹೋಗುತ್ತಿದ್ದರು. ಮೂವತ್ತೆಂಟು ವರ್ಷ ಇದು ತಪ್ಪಿರಲಿಲ್ಲ.

ಹುಲ್ಲುನೆಲದಲ್ಲಿ ಇಳಿಯುವ ಮುನ್ನ ಒಮ್ಮೆ ತಗ್ಗಿನಲ್ಲಿ ಹಾರಿ, ನೆಲದಲ್ಲಿ ಗುಂಡಿ, ಬಿಲ ಇಲ್ಲವೆಂದು ಕಣ್ಣಾರೆ ನೋಡಿ, ಮತ್ತೆ ಸುತ್ತಿ ಬಂದು ಇಳಿಯಬೇಕು ಎಂಬುದು ಹಾರುವವರೆಲ್ಲ ಕಲಿತ ಪಾಠ. ಟೊಬೆನ್ ರನ್‌ವೇಯಲ್ಲಿ ಮಾತ್ರ ಯಾರೂ ಹಾಗೆ ಮಾಡುತ್ತಿರಲಿಲ್ಲ. ಶನಿವಾರ ಸೂರ್ಯ ಮೂಡುವಾಗ ಎಲ್ಡನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಹತ್ತು ಹೆಜ್ಜೆ ಸರಿದು ಮರಳಿ, ಹೀಗೆ ಇಡೀ ನೆಲವನ್ನು ನಡೆದು ಪರೀಕ್ಷಿಸುತ್ತಿದ್ದ. ಆಮೇಲೂ ತಗ್ಗಿನಲ್ಲಿ ಹಾರಿ ನೋಡಿದರೆ, ನೆಲ ಸರಿಯಿದೆಯೆಂಬ ಅವನ ಮಾತನ್ನು ನಂಬಲಿಲ್ಲವೆಂದು ಎಲ್ಲರೆದುರು ಸಾರಿದಂತೆ. ಹೊಸಬನೊಬ್ಬ ಒಮ್ಮೆ ಹಾಗೆ ಮಾಡಿದಾಗ ಎರಡು ದಿನ ಯಾರೂ ಅವನ ಜೊತೆ ಮೇಜಿಗೆ ಕೂರಲಿಲ್ಲ. ಆ ಬಿಗುಮಾನದಲ್ಲಿ ನಾನೂ ಪಾಲುಗಾರ್ತಿ. ಅವನ ತಟ್ಟೆಗೆ ಸೀದ ಪ್ಯಾನ್‌ಕೇಕ್ ಹಾಕಿದವಳು ನಾನೇ.

ಕೊನೆಯ ಕೂಟದ ಬೆಳಗ್ಗೆ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ನಡೀನ್ ತಡೆದಳು.

"ಅಪ್ಪ, ಈ ಸಲ ಪಕ್ಕದ ಹೊಲದ ವೆಂಡೆಲ್ ನಡೀಲಿ ಬಿಡು. ನಿನ್ನೆ ತಾನೇ ಟ್ರ್ಯಾಕ್ಟರ್ ತಗೊಂಡೋಗಿ ಅಂಚೆಪೆಟ್ಟಿಗೆಗೆ ಗುದ್ದಿದೀಯ."

"ಅದು ಅಡ್ಡ ಬಂತು."

"ಇಪ್ಪತ್ತು ವರ್ಷದಿಂದ ಅಲ್ಲೇ ಇದೆಯಲ್ಲಪ್ಪ!"

"ಅದಕ್ಕೇ ಹೇಳಿದ್ದು, ಸರಿಯೋಕೆ ಬೇಕಾದಷ್ಟು ಟೈಮಿತ್ತು ಅಂತ. ವೆಂಡೆಲ್‌ಗೆ ತನ್ನ ಹಸು ಯಾವುದು ಅಂತ್ಲೇ ಗೊತ್ತಾಗಲ್ಲ, ಬಿಲ ಕಾಣತ್ತಾ?"

ಒಲೆ ಹಚ್ಚುತ್ತಿದ್ದ ನಾವೆಲ್ಲರೂ ನಕ್ಕೆವು, ವೆಂಡೆಲ್ ಕೂಡ ನಕ್ಕ.

ನಮಗೆ ತಿಳಿಯದ ಸಂಗತಿ ಇಷ್ಟು: ಎರಡು ವರ್ಷದಿಂದ ಅವನ ನೋಟದ ನಟ್ಟನಡುವೆ ಒಂದು ಬೂದು ಕಲೆ ಕೂತಿತ್ತು. ಅದು ಹೋಗುವುದಿಲ್ಲ, ಬೆಳೆಯುತ್ತದೆ ಎಂದು ವೈದ್ಯರು ಹೇಳಿದ್ದರು. ಎಂಜಿನ್ ಸರಿಯಿಲ್ಲವೆಂಬ ನೆಪದಲ್ಲಿ ಅವನು ತನ್ನ ವಿಮಾನವನ್ನು ಆಗಲೇ ನಿಲ್ಲಿಸಿದ್ದ. ಉಳಿದಿದ್ದುದು ನಡೆಯುವುದೊಂದೇ. ಕಣ್ಣಿನ ವಿಷಯ ಬಾಯಿಬಿಟ್ಟರೆ ಅದೂ ಇನ್ನೊಬ್ಬನ ಪಾಲಾಗುತ್ತಿತ್ತು. ಅವನು ಬಾಯಿಬಿಡಲಿಲ್ಲ.

ಅಂದು ಅವನು ಒಂದು ಹೆಜ್ಜೆಯನ್ನೂ ತಪ್ಪಿಸದೆ ನಡೆದ. ಹಿಂದಿನ ರಾತ್ರಿ ಬ್ಯಾಡ್ಜರ್ ಎಂಬ ಪ್ರಾಣಿ ತೋಡಿದ ಬಿಲವೊಂದು, ಬಕೆಟ್ಟು ಇಳಿಯುವಷ್ಟು ಅಗಲದ್ದು, ಅವನ ಬೂಟಿನಿಂದ ಎರಡು ಮೊಳ ದೂರದಲ್ಲಿತ್ತು.

ಏಳೂಕಾಲಿಗೆ ಹಾರ್ಲನ್ ಪೊಸ್ಪಿಶಿಲ್‌ನ ಹಳದಿ ವಿಮಾನ ಕಾಣಿಸಿತು. ಅವನೂ ಎಲ್ಡನ್ನೂ ಒಂದೇ ಬೆಂಚಿನಲ್ಲಿ ಓದಿದವರು. ಪ್ರತಿ ವರ್ಷ ಮೊದಲು ಇಳಿಯುವ ಹಕ್ಕು ಹಾರ್ಲನ್‌ನದು. ಒಲೆಯ ಪಕ್ಕದ ಮೇಜಿನ ಮೇಲಿದ್ದ ರೇಡಿಯೊದಲ್ಲಿ ಅವನ ದನಿ ಕೇಳಿಸಿತು.

"ಎಲ್ಡನ್, ನಡೆದ್ಯೇನೋ, ಇಲ್ಲಾ ಹಾಸಿಗೇಲೇ ಬಿದ್ದಿದ್ಯಾ?"

"ನಡೆದಿದೀನಿ ಕಣೋ. ಬೇಗ ಇಳಿ, ಪ್ಯಾನ್‌ಕೇಕೂ ನಿನ್ನ ಥರ ಒಣಗಿಹೋಗ್ತಿದೆ."

ಹಾರ್ಲನ್ ನೇರವಾಗಿ ಇಳಿದ. ಎಡಗಡೆಯ ಚಕ್ರ ಬಿಲಕ್ಕೆ ಬಿತ್ತು. ವಿಮಾನ ಮೂತಿಯ ಮೇಲೆ ನಿಂತು, ಆಮೇಲೆ ನಿಧಾನವಾಗಿ ಎಂಬಂತೆ ಬೆನ್ನಿನ ಮೇಲೆ ಮಗುಚಿತು. ವೆಂಡೆಲ್ ಓಡಿಹೋಗಿ ಬಾಗಿಲು ಕಿತ್ತಾಗ ಹಾರ್ಲನ್ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಕತ್ತು ಮುರಿದಿತ್ತು.

ತನಿಖೆಗೆ ಬಂದವರು ನೆಲ ಪರೀಕ್ಷಿಸಿದ್ದಿರಾ ಎಂದು ಎಲ್ಡನ್‌ನನ್ನು ಕೇಳಿದರು. "ನಡೆದಿದ್ದೆ" ಎಂದ. ಬರೆದುಕೊಂಡರು. ಬಿಲಕ್ಕೆ ಹುಲ್ಲು ಮುಚ್ಚಿತ್ತು, ಯಾರ ತಪ್ಪೂ ಅಲ್ಲ ಎಂದಾಯಿತು.

ಶವಸಂಸ್ಕಾರದ ಊಟ ಚರ್ಚಿನ ನೆಲಮಾಳಿಗೆಯಲ್ಲಿ. ನಾನು ಕಾಫಿ ಬಗ್ಗಿಸುತ್ತಿದ್ದೆ. ಹಾರ್ಲನ್‌ನ ಹೆಂಡತಿ ರೋಸ್ಮೇರಿ ತಾನಾಗಿಯೇ ಬಂದು ಎಲ್ಡನ್‌ನ ಕೈ ಹಿಡಿದಳು.

"ನಂಗೆ ನಿನ್ನ ಮೇಲೆ ಕೋಪ ಇಲ್ಲ ಎಲ್ಡನ್. ನೀನು ನಡೆದಿದ್ದೆ. ಹಾರ್ಲನ್‌ಗೆ ಅಷ್ಟೇ ಸಾಕಿತ್ತು."

ಆ ಕ್ಷಮೆಯನ್ನು ಹಿಡಿದುಕೊಂಡೇ ಅವನು ಮನೆಗೆ ಹೋಗಬಹುದಿತ್ತು.

"ನಂಗೆ ಕಾಣ್ತಿರಲಿಲ್ಲ, ರೋಸ್ಮೇರಿ."

"ಏನು ಕಾಣ್ತಿರಲಿಲ್ಲ?"

"ನೆಲ. ಎರಡು ವರ್ಷದಿಂದ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಮತ್ತೆ ಯಾರಿಗೋಸ್ಕರ ನಡೆದೆ ನೀನು?"

ರೋಸ್ಮೇರಿ ಮೆಟ್ಟಿಲು ಹತ್ತಿ ಹೋದಳು. ಅವಳ ತಟ್ಟೆಯಲ್ಲಿ ಊಟ ಹಾಗೇ ಇತ್ತು. ಅಂದಿನಿಂದ ಅವಳಾಗಲಿ, ಕೂಟದ ಬೇರೆ ಯಾರೇ ಆಗಲಿ ಅವನೊಂದಿಗೆ ಮಾತಾಡಲಿಲ್ಲ. ಕಣ್ಣು ಹೋದುದಕ್ಕಲ್ಲ, ತಮ್ಮೆಲ್ಲರ ನಂಬಿಕೆಯನ್ನು ಹೊತ್ತುಕೊಂಡು ಕುರುಡನಂತೆ ನಡೆದುದಕ್ಕೆ. ನಾವು ಕಣ್ಣಿದ್ದವರು ಏನು ನೋಡಿದೆವು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಇಲ್ಲಿ ಇಳಿಯಬೇಡಿ ಎಂದು ಆಕಾಶಕ್ಕೆ ಹೇಳುವ ಬಿಳಿ ಹಲಗೆಯ ಕತ್ತರಿಗುರುತನ್ನು ರನ್‌ವೇಯ ಎರಡೂ ತುದಿಗೆ ಅವನೇ ಹಾಸಿದ. ಮರುವರ್ಷ ಜೂನ್‌ನ ಆ ಶನಿವಾರ ಜಗಲಿಯ ಮೇಲೆ ಕೂತಿದ್ದ. ಮೂರು ವಿಮಾನಗಳು ಎತ್ತರದಲ್ಲೇ ಬೇರೆಲ್ಲಿಗೋ ಹೋದವು. ಎಂಜಿನ್ನಿನ ಸದ್ದಿನಿಂದಲೇ ಯಾರೆಂದು ಹೇಳಬಲ್ಲವನು ಒಬ್ಬರ ಹೆಸರನ್ನೂ ಹೇಳಲಿಲ್ಲ. ಡಿಸೆಂಬರಿನಲ್ಲಿ ನ್ಯುಮೋನಿಯಾ ಆಯಿತು. ಆಸ್ಪತ್ರೆ ಬೇಡವೆಂದ. ಹಾರುವವನು ಸತ್ತರೆ ಗೋರಿಯ ಮೇಲೆ ಒಂದು ಸುತ್ತು ಹಾರುವುದು ನಮ್ಮಲ್ಲಿ ಪದ್ಧತಿ. ಅವನನ್ನು ಹೂಳಿದ ದಿನ ಆಕಾಶ ಶುಭ್ರವಾಗಿತ್ತು, ಯಾರೂ ಬರಲಿಲ್ಲ.

ಅವನು ಬಿಟ್ಟುಹೋದದ್ದು: ಒಬ್ಬಳು ಮಗಳು. ನೂರರುವತ್ತು ಎಕರೆ ಹೊಲ. ಟೈರಿನಲ್ಲಿ ಗಾಳಿಯಿಲ್ಲದ ಒಂದು ನೀಲಿ ವಿಮಾನ. ಹುಲ್ಲು ಕೊಯ್ಯುವ ಯಂತ್ರ, ಚಾಲೂ ಸ್ಥಿತಿಯಲ್ಲಿ. "ಪ್ರಿಯ ರೋಸ್ಮೇರಿ" ಎಂಬುದರ ಮುಂದೆ ಏನೂ ಇಲ್ಲದ ಹದಿನಾಲ್ಕು ಹಾಳೆಗಳು. ಓದುವ ಭೂತಗನ್ನಡಿ ಒಂದು. ಆರ್ಲೀಟಾಳ ಹೊಲಿಗೆಯಂತ್ರ. ಮಡಚುವ ಕುರ್ಚಿಗಳು, ಅರುವತ್ತು.