ಬೀಗದಣ್ಣ ಮಗಳಿಗೆ ಕೊಟ್ಟ ಬಾಗಿಲು

ಆ ಊರಿನಲ್ಲಿ ಕೇಡಿಗೂ ಒಂದು ಹಂಚಿಕೆ ಇತ್ತು. ಪೇಟೆಯಲ್ಲಿ ಜೇಬುಗಳ್ಳತನ, ಸಾರಾಯಿ ಅಂಗಡಿ ಸಾಲಿನಲ್ಲಿ ಹೊಡೆದಾಟ, ಕೆಳಗಿನ ಬೀದಿಯಲ್ಲಿ ಮನೆಗಳ್ಳತನ. ಬೀಗ ರಿಪೇರಿಯ ಬೀಗದಣ್ಣ ಒಬ್ಬಳೇ ಮಗಳನ್ನು ಕೊಟ್ಟಿದ್ದು ಆ ಕೆಳಗಿನ ಬೀದಿಗೇ. ಕೊಟ್ಟ ಮೇಲೆ ಕಳ್ಳರ ಭಯಕ್ಕೆ, ಕೂತು ಅವಳ ಮನೆಗೊಂದು ಕಬ್ಬಿಣದ ಬಾಗಿಲು ಮಾಡಿದ. ಒಳಗಿನಿಂದಲೂ ಕೀಲಿ ಹಾಕಿಯೇ ತೆರೆಯಬೇಕಾದ ಬೀಗ, ಗೋಡೆಯೊಳಕ್ಕೆ ಇಳಿಯುವ ಮೂರು ಸರಳು.

"ಇದನ್ನ ನಾನೇ ಬಂದ್ರೂ ತೆಗೆಯೋಕಾಗಲ್ಲ ಕಣಮ್ಮ" ಎಂದು ಮೀಸೆ ತಿರುವಿದ್ದ. ಮಾಡಿದ್ದುಣ್ಣೋ ಮಹಾರಾಯ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರೆಯೇ?

ರೋಗ ಬಂತು, ಲಾಕ್‌ಡೌನ್ ಆಯಿತು. ಜನವೇ ಇಲ್ಲದ ಪೇಟೆಯಲ್ಲಿ ಜೇಬುಗಳ್ಳ ಯಾರ ಜೇಬಿಗೆ ಕೈ ಹಾಕಬೇಕು? ಎಲ್ಲರೂ ಮನೆಯಲ್ಲೇ ಬಿದ್ದುಕೊಂಡ ಮೇಲೆ ಮನೆಗಳ್ಳ ಎಲ್ಲಿ ನುಗ್ಗಬೇಕು? ಪೊಲೀಸರು ಮರದ ನೆರಳಲ್ಲಿ ಆಕಳಿಸುತ್ತ, ಊರು ತಣ್ಣಗಿದೆ ಅಂದರು. ಹೌದು, ಬೂದಿ ಮುಚ್ಚಿದ ಕೆಂಡದ ಹಾಗೆ ತಣ್ಣಗಿತ್ತು.

ಅಳಿಯನಿಗೆ ಕೆಲಸ ಹೋಯಿತು. ಕೀಲಿಗೊಂಚಲು ಅವನ ಸೊಂಟ ಸೇರಿತು. ಮಗಳ ಫೋನು ನಿಂತೇಹೋಯಿತು. ಒಂದು ಮಧ್ಯಾಹ್ನ ಮಾತ್ರ ಪಿಸುಗುಟ್ಟಿದಳು: "ಅಪ್ಪಾ, ನಿನ್ನೆ ಕತ್ತು ಹಿಸುಕಿದ್ರು. ಇವತ್ತು ಉಳಿಸಲ್ಲ ಅಂತಿದ್ದಾರೆ. ಕೀಲಿ ಅವರ ಹತ್ರ ಇದೆ." ಅಷ್ಟರಲ್ಲಿ ಫೋನು ಗೋಡೆಗೆ ಬಡಿದ ಸದ್ದಾಯಿತು.

ಬೀಗದಣ್ಣ ಠಾಣೆಗೆ ಫೋನು ಮಾಡಿದ. "ಯಜಮಾನ್ರೇ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಮಗೆ ಬೀದಿ ಕಾಯೋದೇ ಸಾಕಾಗಿದೆ" ಅಂದರು. ಇವರ ಗಾದೆಗಿಷ್ಟು ಬೆಂಕಿ ಬೀಳ. ಕೆಲಸದ ಚೀಲ ಹೆಗಲಿಗೇರಿಸಿ, ಸಂದಿಗೊಂದಿ ನುಸುಳಿ ಮಗಳ ಮನೆ ಮುಂದೆ ಬಂದು ನಿಂತ.

ಒಳಗೆ ಪಾತ್ರೆ ಉರುಳಿತು. "ಬೇಡ ರೀ, ಬೇಡ" ಎಂದಳು ಮಗಳು. ಬೀಗಕ್ಕೆ ತಂತಿ ಹಾಕಿದ, ಉಳಿ ಇಟ್ಟು ಹೊಡೆದ. ಉಳಿ ಮೊಂಡಾಯಿತು, ಬೆರಳ ಚರ್ಮ ಕಿತ್ತುಹೋಯಿತು, ಅವನದೇ ಸರಳುಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಪಕ್ಕದ ಮನೆ ಬಾಗಿಲು ಬಡಿದ. "ಅದು ಅವರ ಮನೆ ವಿಷಯ, ದಿನಾ ಇದ್ದದ್ದೇ" ಎಂದು ಒಳಗಿನಿಂದಲೇ ಹೆಂಗಸೊಬ್ಬಳು ಹೇಳಿದಳು. ಇತ್ತ ಮಗಳ ದನಿ ಸಣ್ಣಗಾಗುತ್ತ ಬಂತು.

ಆಗ ನೆನಪಾಯಿತು. ಕಳ್ಳರ ಕಾಟ ತಿಂದ ಆ ಬೀದಿಗೆ ಒಂದು ಕಟ್ಟಳೆ ಇತ್ತು. ಕಳ್ಳ ಎಂಬ ಕೂಗು ಕೇಳಿದರೆ ಪ್ರತಿ ಮನೆಯವರೂ ದೊಣ್ಣೆ ಹಿಡಿದು ಬರಲೇಬೇಕು. ಕಳ್ಳ ಬಿದ್ದ ಮನೆಯವನು ಬಾಗಿಲು ತೆರೆದು ಮೂಲೆಮೂಲೆ ತೋರಿಸಬೇಕು.

ಮಾಸ್ಕನ್ನು ಕಣ್ಣಿನ ತನಕ ಏರಿಸಿ, ಗಂಟಲು ಹರಿಯುವಂತೆ ಕೂಗಿದ: "ಕಳ್ಳ, ಕಳ್ಳ. ಇನ್ನೊಬ್ಬ ಒಳಗಿದ್ದಾನೆ."

ಬೀದಿಗೆ ಬೀದಿಯೇ ಎದ್ದು ಬಂತು. ಉಳಿ ಹಿಡಿದು ನಿಂತಿದ್ದವನೇ ಒಬ್ಬ ಕಳ್ಳನೆಂದು ಅವನ ಬೆನ್ನ ಮೇಲೆ ಏಟುಗಳು ಬಿದ್ದವು. ಅವನು ತಾನ್ಯಾರೆಂದು ಹೇಳಲಿಲ್ಲ. ಹೇಳಿದರೆ ಎಲ್ಲರೂ ಮನೆ ವಿಷಯವೆಂದು ತಿರುಗಿ ಹೋಗುತ್ತಾರೆಂದು ಗೊತ್ತಿತ್ತು.

"ಬಾಗಿಲು ತೆಗಿಯಪ್ಪ, ಒಳಗೊಬ್ಬ ಇದ್ದಾನಂತೆ" ಎಂದು ಜನ ಗುದ್ದಿದರು. ಬೀದಿಯನ್ನೇ ಎದುರುಹಾಕಿಕೊಳ್ಳುವ ಧೈರ್ಯ ಅಳಿಯನಿಗೆ ಇರಲಿಲ್ಲ. ಕೀಲಿ ತಿರುಗಿತು, ಸರಳುಗಳು ಸರಿದವು.

ಮಗಳು ಗೋಡೆ ಹಿಡಿದು ಹೊಸ್ತಿಲು ದಾಟಿದಳು. ಕತ್ತಿನ ಮೇಲೆ ಐದು ಬೆರಳೂ ಮೂಡಿದ್ದವು. "ಇನ್ನೊಬ್ಬ ಎಲ್ಲಮ್ಮ?" ಎಂದು ಕೇಳಿದ ಪಕ್ಕದ ಮನೆಯವಳು ಆ ಕತ್ತು ನೋಡಿ ದೊಣ್ಣೆ ಕೆಳಗಿಟ್ಟಳು. ಮಗಳು ನೆಲದ ಮೇಲೆ ಬಿದ್ದವನ ಹತ್ತಿರ ಕುಸಿದು ಅವನ ಮಾಸ್ಕು ಸರಿಸಿದಳು.

"ನಮ್ಮಪ್ಪನ್ನ ಯಾಕ್ರೀ ಹೊಡೆದ್ರಿ" ಎಂದಳು.