ಪವಿ ಹಾಕಿದ ಘಾಟಿ ರೋಡು

ಕಳೆದ ಭಾನುವಾರ ನನ್ನ ಮಗಳು ತಾನೇ ಹಾಕಿದ ರೋಡಿನಲ್ಲಿ ತಾನೇ ಬಿದ್ದಳು. ಅದೂ ಇಡೀ ಬೀದಿಯ ಮುಂದೆ.

ಗಾಬರಿಯಾಗಬೇಡಿ. ಮೂಳೆ ಮುರಿದಿಲ್ಲ, ಮಂಡಿ ತರಚಿಲ್ಲ. ಬಿದ್ದದ್ದು ಟಿ.ವಿ.ಯೊಳಗೆ. ಪೆಟ್ಟಾಗಿದ್ದರೆ ಅದು ನನ್ನ ಮರ್ಯಾದೆಗೆ. ಏಕೆಂದರೆ ಹೋದ ವಾರ ಇದೇ ಅಂಕಣದಲ್ಲಿ, ನಮ್ಮ ಬೀದಿಯ ರಾಜ್ಯೋತ್ಸವದ ವಿಡಿಯೋ ಗೇಮ್ ಸ್ಪರ್ಧೆಯಲ್ಲಿ ಮಗಳು ಫೈನಲ್ ತಲುಪಿದ್ದಾಳೆ, ಕಪ್ ಬರುವುದು ನಮ್ಮ ಮನೆಗೇ ಎಂದು ಎದೆ ಉಬ್ಬಿಸಿಕೊಂಡು ಬರೆದಿದ್ದವನು ನಾನೇ ತಾನೆ? (ಅಪ್ಪಂದಿರ ಕೈಗೆ ಅಂಕಣ ಕೊಟ್ಟರೆ ಹೀಗೇ ಆಗುವುದು.)

ಸೋಮವಾರ ಬೆಳಿಗ್ಗೆ ಟೀ ಅಂಗಡಿಯಲ್ಲಿ ಒಬ್ಬರು ಪೇಪರ್ ಮಡಚಿಟ್ಟು ಕೇಳಿಯೇಬಿಟ್ಟರು.

"ಏನ್ ಸ್ವಾಮಿ, ಕಪ್ ಒರೆಸಿ ಶೋಕೇಸಲ್ಲಿ ಇಟ್ರಾ?"

"ಇಲ್ಲ. ಸೋತ್ಲು."

"ಮತ್ತೆ ನೀವ್ಯಾಕೆ ಹಿಂಗೆ ಹಲ್ಲು ಬಿಡ್ತಾ ಇದ್ದೀರಾ?"

ಒಂದು ಟೀ ಮುಗಿಯುವಷ್ಟರಲ್ಲಿ ಹೇಳುವಂಥ ಉತ್ತರವಲ್ಲ ಅದು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನಾನು ದೊಡ್ಡಬಳ್ಳಾಪುರದ ಮಗ್ಗದ ಬೀದಿಯವನೆಂದು ನಿಮಗೆ ಗೊತ್ತೇ ಇದೆ. ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮ್, ಮುಂಭಾಗದಲ್ಲಿ ಸಂಸಾರ. ಮಗಳು ಪವಿತ್ರ, ನಮಗೆಲ್ಲ ಪವಿ, ಏಳನೇ ಕ್ಲಾಸು. ಬೇಸಿಗೆ ರಜದಲ್ಲಿ ಅವಳ ಸೋದರಮಾವ ಬೆಂಗಳೂರಿನಿಂದ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದುಕೊಟ್ಟ. ಜೊತೆಗೆ ಎರಡು ಕ್ಯಾಸೆಟ್ಟು. (ಹಾಡಿನ ಕ್ಯಾಸೆಟ್ಟಲ್ಲ, ಆಟದ್ದು. ಕೆಟ್ಟರೆ ಹೊರಗೆ ತೆಗೆದು ಬಾಯಲ್ಲಿ ಉಫ್ ಎಂದು ಊದಬೇಕು. ಇಷ್ಟು ಸುಲಭದ ರಿಪೇರಿ ನನ್ನ ಮಗ್ಗಗಳಿಗೂ ಇದ್ದಿದ್ದರೆ!)

ಮೊದಲನೇ ಕ್ಯಾಸೆಟ್ಟಿನಲ್ಲಿ ಒಬ್ಬ ಓಡುತ್ತಾನೆ. ಎಡದಿಂದ ಬಲಕ್ಕೆ. ಹಳ್ಳ ಬಂದರೆ ಹಾರಬೇಕು, ಹಾವು ಬಂದರೆ ತುಳಿಯಬೇಕು, ಕೊನೆಗೆ ಒಂದು ಕೋಟೆ. ಆಮೇಲೆ ಇನ್ನೊಂದು ಊರು, ಮತ್ತದೇ ಓಟ. ಹಿಂದೆ ಬಿಟ್ಟುಬಂದ ದಾರಿ ಟಿ.ವಿ.ಯ ಎಡ ಅಂಚಿನಲ್ಲಿ ಮುಚ್ಚಿಕೊಳ್ಳುತ್ತಾ ಬರುತ್ತದೆ. ಬೀದಿಯ ಮಕ್ಕಳೆಲ್ಲ ಬಲಕ್ಕೆ ಓಡಿದ್ದೇ ಓಡಿದ್ದು. ಪವಿ ಮಾತ್ರ ಆ ಪುಣ್ಯಾತ್ಮನನ್ನು ಎಡಕ್ಕೆ ತಿರುಗಿಸಿ ಅಂಚಿಗೆ ಢೀ ಹೊಡೆಸುತ್ತಾ ಕೂತಿದ್ದಳು.

"ಅಪ್ಪಾ, ಆ ಬೆಟ್ಟದ ಹಿಂದೆ ಏನಿದೆ?"

"ಏನೂ ಇಲ್ಲ ಕಣಮ್ಮ. ಅದು ಬರೀ ಚಿತ್ರ."

"ಹೋಗಿ ನೋಡ್ಬೇಕು."

"ಆಗಲ್ಲ."

"ಹೋಗ್ಲಿ, ವಾಪಸ್ ಮೊದಲನೇ ಮನೆಗೆ?"

"ಅದೂ ಆಗಲ್ಲ. ಅವ್ರು ಹೇಳ್ದಂಗೆ ಹೋಗ್ಬೇಕು ಅಷ್ಟೇ."

"ಹಂಗಾದ್ರೆ ಆಡ್ತಾ ಇರೋದು ನಾನಾ, ಅದಾ?"

ನಾನು ಲುಂಗಿ ಕೊಡವಿಕೊಂಡು ಎದ್ದು ಮಗ್ಗದ ಕಡೆ ಹೋದೆ.

ಆದರೆ ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದೇನು? ಮಗ್ಗದ ಮೇಲೆ ಕೂತ ಜಕಾರ್ಡು. ತೂತು ಹೊಡೆದ ರಟ್ಟುಗಳ ಸರಮಾಲೆ ಅದರಲ್ಲಿ ಒಂದೊಂದಾಗಿ ಸರಿಯುತ್ತದೆ. ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. ರಟ್ಟು ನವಿಲು ಎಂದರೆ ನವಿಲು, ಮಾವಿನಕಾಯಿ ಎಂದರೆ ಮಾವಿನಕಾಯಿ. ನಮ್ಮ ಅನ್ನವೇ ಹೇಳಿದಂತೆ ಕೇಳುವ ಆ ಯಂತ್ರದಿಂದ ಬರುತ್ತದೆ, ಹಾಗಾಗಿ ನಾನು ಅದನ್ನು ಬೈಯುವುದಿಲ್ಲ. ಎರಡು ರಟ್ಟು ಹಿಂದುಮುಂದಾದರೂ ಸೀರೆಯ ನವಿಲಿಗೆ ಕುತ್ತಿಗೆ ಇರುವುದಿಲ್ಲ. ಆದ್ದರಿಂದ ನಮ್ಮ ಬೀದಿಯಲ್ಲಿ ಮಕ್ಕಳು ಅಂಬೆಗಾಲಿಡಲು ಶುರು ಮಾಡಿದ ದಿನದಿಂದ ಪ್ರತಿ ಮನೆಯಲ್ಲೂ ಕೇಳಿಸುವ ಕೂಗು ಒಂದೇ: "ಏಯ್, ಡಿಸೈನ್ ಮುಟ್ಬೇಡ!"

ಇದು ಎಲ್ಲಿಯವರೆಗೆ ಹೋಯಿತು ಗೊತ್ತೇ? ಎರಡನೇ ಕ್ಯಾಸೆಟ್ಟು ಬೈಕ್ ರೇಸಿನದು. ಹಾಕಿದ ಕೂಡಲೇ ಟಿ.ವಿ.ಯಲ್ಲಿ ಮೂರು ಸಾಲು ಬರುತ್ತವೆ. ಮೊದಲೆರಡು ರೇಸು. ಮೂರನೆಯದರ ಮೇಲೆ ಇಂಗ್ಲಿಷಿನಲ್ಲಿ ಡಿಸೈನ್ ಎಂದು ಬರೆದಿದೆ. ನಮ್ಮ ಬೀದಿಯ ಒಂದೇ ಒಂದು ಮಗುವೂ ಅದನ್ನು ಒತ್ತಿರಲಿಲ್ಲ! ಒತ್ತಿದರೆ ಕ್ಯಾಸೆಟ್ ಕೆಡುತ್ತದೆ ಎಂದು ಅವರವರಲ್ಲೇ ಮಾತಾಗಿತ್ತು. ಬೇರೆ ಊರಿನ ಮಕ್ಕಳು ಇಷ್ಟು ಹೊತ್ತಿಗೆ ಒತ್ತಿ, ಆಡಿ, ಬೇಜಾರಾಗಿ ಬಿಟ್ಟಿರುತ್ತಿದ್ದರೋ ಏನೋ. ನೇಕಾರರ ಮಕ್ಕಳು ಆ ಪದ ನೋಡಿದ ತಕ್ಷಣ ಬೆರಳು ಹಿಂದಕ್ಕೆ ಎಳೆದುಕೊಂಡಿದ್ದರು.

ಪವಿ ಒತ್ತಿದಳು. ಒಬ್ಬಳೇ ಇದ್ದಾಗ, ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡು.

ಕ್ಯಾಸೆಟ್ ಕೆಡಲಿಲ್ಲ. ಖಾಲಿ ರೋಡೊಂದು ಬಂತು. ಕೆಳಗೆ ಅಕ್ಷರಗಳು. ಒಂದೊಂದು ಅಕ್ಷರಕ್ಕೆ ಒಂದೊಂದು ಬಗೆಯ ಉಬ್ಬು, ತಗ್ಗು, ಕೆಸರು. ನಿಮಗೆ ಬೇಕಾದ್ದನ್ನು ಬೇಕಾದ ಕಡೆ ಹಾಕಿ, ಆಮೇಲೆ ಅದರ ಮೇಲೆ ಬೈಕ್ ಓಡಿಸಿ. ಅವಳು ಮೊದಲು ಹಾಕಿದ್ದು ಯಾವ ರೋಡು ಹೇಳಿ? ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ರೋಡು. ಅವಳ ಅಜ್ಜಿಯ ಮನೆ ಆ ಕಡೆ. ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತೂ ಕೂತೂ ಅವಳ ಬೆನ್ನಿಗೆ ಆ ರೋಡು ಬಾಯಿಪಾಠವಾಗಿದೆ.

ಒಂದೇ ತೊಂದರೆ. ಸ್ವಿಚ್ ಆರಿಸಿದರೆ ಹಾಕಿದ ರೋಡು ಅಳಿಸಿಹೋಗುತ್ತದೆ. ಮಾರನೇ ದಿನ ಮತ್ತೆ ಮೊದಲಿನಿಂದ ಹಾಕಬೇಕು. ಪವಿ ಹಾಕುತ್ತಿದ್ದಳು, ಗೊಣಗದೆ.

ಈಗ ಭಾನುವಾರಕ್ಕೆ ಬರೋಣ. ಬೀದಿಯ ಗೆಳೆಯರ ಬಳಗದ ಸೆಕ್ರೆಟರಿ ರಾಜಣ್ಣ ತನ್ನ ಮನೆಯ ಟಿ.ವಿ.ಯನ್ನು ಜಗಲಿಯ ಮೇಲೆ ತಂದಿಟ್ಟಿದ್ದ. ಅಕ್ಕಪಕ್ಕದ ಮಗ್ಗಗಳನ್ನು ನಿಲ್ಲಿಸುವಂತೆ ಮನೆಮನೆಗೂ ಹೋಗಿ ಹೇಳಿಬಂದಿದ್ದ. (ಮಗ್ಗ ಓಡಿದರೆ ವೋಲ್ಟೇಜ್ ಬಿದ್ದು ಟಿ.ವಿ.ಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತದೆ. ನಮ್ಮಲ್ಲಿ ಯಾರ ಮನೆಯ ಮಗ್ಗ ಓಡುತ್ತಿದೆ ಎಂದು ತಿಳಿಯಲು ಟಿ.ವಿ. ನೋಡಿದರೆ ಸಾಕು.) ಬೀದಿಯಲ್ಲಿ ಖಟಖಟ ಸದ್ದಿಲ್ಲದೆ ಎಲ್ಲರ ಕಿವಿಯೂ ಖಾಲಿ ಖಾಲಿ.

ಫೈನಲ್‌ನಲ್ಲಿ ಪವಿಯ ಎದುರಾಳಿ ಇಮ್ರಾನ್, ಜರಿ ಅಂಗಡಿಯವರ ಮಗ. ಇಬ್ಬರೂ ಒಂದೇ ಕ್ಲಾಸು. ಕ್ಯಾಸೆಟ್ಟಿನ ಕಂಪನಿಯವರೇ ಕೊಟ್ಟ ಬೈಕ್ ರೇಸು ಅವನಿಗೆ ಎಷ್ಟು ಕರಗತ ಎಂದರೆ, ಆಡುತ್ತಲೇ ಹಿಂದಕ್ಕೆ ತಿರುಗಿ ಗೆಳೆಯರ ಜೊತೆ ಮಾತಾಡುತ್ತಿದ್ದ. ಯಾವ ಉಬ್ಬು ಯಾವಾಗ ಬರುತ್ತದೆ ಎಂದು ಬೆರಳಿಗೇ ಗೊತ್ತು. ಹಾಗೆಂದು ಪವಿಯೇನೂ ಕಡಿಮೆಯಿರಲಿಲ್ಲ. ಒಂದು ವಾರ ಪಕ್ಕದಲ್ಲಿ ಕೂತು ಅದೇ ರೇಸನ್ನು ಅವಳಿಂದ ಗಿಣಿಪಾಠ ಮಾಡಿಸಿದ್ದೆ. ಕಪ್ಪಿನ ವಿಷಯ ಪೇಪರಿನಲ್ಲಿ ಬರೆದಾಗಿತ್ತಲ್ಲ!

ರಾಜಣ್ಣ ಇನ್ನೇನು ಶುರು ಮಾಡಬೇಕು, ನನ್ನ ಮಗಳು ಕೈ ಎತ್ತಿದಳು.

"ಅಂಕಲ್, ಫೈನಲ್ಲು ನಾನು ಹಾಕೋ ರೋಡಲ್ಲಿ ಆಡ್ಬೋದಾ?"

"ಅಂದ್ರೆ? ಡಿಸೈನಾ? ಅದು ಒತ್ತಿದ್ರೆ ಕೆಟ್ಟೋಗುತ್ತಲ್ಲಮ್ಮ."

"ಕೆಡಲ್ಲ. ನಾನು ದಿನಾ ಒತ್ತೀನಿ."

ನಾನು ಜನರ ಮಧ್ಯದಿಂದ ಕಣ್ಣಲ್ಲೇ ಗದರಿಸಿದೆ. ಒಂದು ವಾರದ ಅಭ್ಯಾಸ ನೀರಿಗೆ ಹೋಗುತ್ತಿದೆ ಎಂಬ ಸಂಕಟ ನನಗೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಅದ್ ಹೆಂಗಾಗುತ್ತೆ? ಅವಳು ಹಾಕಿರೋದು ಅವಳಿಗೇ ಗೊತ್ತಿರುತ್ತೆ. ಮೋಸ ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅದಕ್ಕೆ ಉತ್ತರ ಕೊಟ್ಟಿದ್ದು ಇಮ್ರಾನ್.

"ಹಾಕ್ಲಿ ಬಿಡಿ ಅಂಕಲ್. ಈ ರೇಸು ನಂಗೆ ಬೋರಾಗೋಗಿದೆ. ಮೊದ್ಲು ಅವಳು ಆಡ್ಲಿ, ನಾನು ನೋಡ್ಕೊಂಡು ಆಡ್ತೀನಿ."

ಎದುರಾಳಿಯೇ ಒಪ್ಪಿದ ಮೇಲೆ ರಾಜಣ್ಣನದೇನು? ಪವಿ ರೋಡು ಹಾಕತೊಡಗಿದಳು.

ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಒಂದು ಉಬ್ಬು, ಸ್ವಲ್ಪ ಸಪಾಟು, ಇನ್ನೊಂದು ಉಬ್ಬು. ಆಮೇಲೆ ಒಬ್ಬ ಹುಡುಗಿ ಕಿರುಚಿದಳು: "ಲೇ, ಇದು ನಮ್ ಸ್ಕೂಲ್ ಮುಂದಿನ ಹಂಪು ಕಣ್ರೇ!" ಅಷ್ಟೇ. ಇಡೀ ಬೀದಿಯೇ ಮುಂದಕ್ಕೆ ಬಾಗಿತು. "ಇದು ರೈಲ್ವೆ ಗೇಟು!" "ಇದು ಕೆರೆ ಏರಿ ನೋಡ್ರೋ!" ಕೆಸರಿನ ಪಟ್ಟಿ ಬಂದಾಗ ರಾಜಣ್ಣನೇ ನಗು ತಡೆಯಲಾರದೆ, "ಪೈಪ್ ಹಾಕಕ್ಕೆ ಅಗೆದು ಹಂಗೇ ಬಿಟ್ಟೋಗಿರೋ ಜಾಗ ಅಲ್ವೇನಮ್ಮ ಇದು?" ಎಂದ. ಬಲಕ್ಕೆ ಓಡುವ ಆ ಮನುಷ್ಯನ ಕೋಟೆಯನ್ನು ಅಷ್ಟು ದಿನ ನೋಡಿದ್ದರೂ ಯಾರೂ ಹೀಗೆ ಕುಣಿದಿರಲಿಲ್ಲ.

ರೋಡು ಮುಗಿಯುತ್ತಾ ಬಂದಾಗ, ಎದುರು ಮನೆಯ ಗಂಗಮ್ಮಜ್ಜಿ ಬಾಗಿಲಲ್ಲಿ ನಿಂತುಕೊಂಡೇ ಹೇಳಿದರು.

"ಅಯ್ಯೋ, ಆ ಮೋರಿ ಹತ್ರ ದೊಡ್ಡ ದಿಬ್ಬ ಐತಲ್ಲ, ಬಿಟ್ಬಿಟ್ಟೆ ಕಣವ್ವ! ಹೋದ್ರೆ ಸೊಂಟ ಮುರಿಯುತ್ತೆ ಅಲ್ಲಿ."

ಪವಿಯ ಬೆರಳು ನಿಂತಿತು. ಸುಮ್ಮನಿದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ದಿನವೂ ಓಡಿಸಿ ಪಳಗಿದ ರೋಡು ಅದು, ದಿಬ್ಬ ಇಲ್ಲದ್ದು. ಕಪ್ ಅಷ್ಟು ಹತ್ತಿರವಿತ್ತು. ನಾನು ಮನಸ್ಸಿನಲ್ಲೇ ಬೇಡ, ಬೇಡ ಎನ್ನುತ್ತಿದ್ದೆ.

"ಹೌದಲ್ಲಾ ಅಜ್ಜಿ!" ಎಂದು ಅವಳು ಹಿಂದಕ್ಕೆ ಹೋಗಿ ದಿಬ್ಬ ಹಾಕಿದಳು. ಇದ್ದದ್ದರಲ್ಲೇ ದೊಡ್ಡದನ್ನು ಹುಡುಕಿ.

ಆಮೇಲೆ ಆಡಿದಳು. ಸ್ಕೂಲಿನ ಹಂಪು ದಾಟಿದಳು, ಗೇಟು ದಾಟಿದಳು, ಕೆಸರಿನ ಅಂಚಿನಲ್ಲಿ ನುಸುಳಿಕೊಂಡಳು. ಮೋರಿಯ ದಿಬ್ಬದ ಮೇಲೆ ಬೈಕು ಹಾರಿತು, ಮುಂದಿನ ಚಕ್ರ ಮೊದಲು ನೆಲಕ್ಕೆ ತಾಗಿತು, ಪಲ್ಟಿ. ಎದ್ದು ಬೈಕ್ ಹಿಡಿಯುವಷ್ಟರಲ್ಲಿ ಟೈಮು ಓಡಿಹೋಗಿತ್ತು. ಅದನ್ನೆಲ್ಲ ನೋಡಿಕೊಂಡಿದ್ದ ಇಮ್ರಾನ್ ತನ್ನ ಸರದಿಯಲ್ಲಿ ಆ ದಿಬ್ಬಕ್ಕೆ ಸ್ಪೀಡ್ ಇಳಿಸಿ, ಜಾಣನಂತೆ ಇಳಿದು, ಗೆದ್ದ. ಕಪ್ ಅವನ ಕೈಗೆ ಹೋಯಿತು. ನ್ಯಾಯವಾಗಿಯೇ ಹೋಯಿತು.

ನಾನು ಮುಖ ಗಂಟಿಕ್ಕಿಕೊಂಡು ಜಗಲಿಯ ಹತ್ತಿರ ಹೋದೆ. ಸಮಾಧಾನ ಮಾಡಬೇಕೋ, ಬೈಯಬೇಕೋ ಇನ್ನೂ ತೀರ್ಮಾನವಾಗಿರಲಿಲ್ಲ. ಅವಳ ಮುಖ ನೋಡಿದರೆ, ಗೆದ್ದವರ ಮುಖ!

"ಅಪ್ಪಾ, ನೋಡಿದ್ಯಾ? ಮೋರಿ ಹತ್ರ ನಿಜ್ವಾಗ್ಲೂ ಹಂಗೇ ಅಲ್ವಾ? ನೀನೂ ಹೋದ್ಸಲ ಸ್ಕೂಟರಲ್ಲಿ ಅಲ್ಲೇ ಬಿದ್ದೆ!"

ಬೀದಿ ಬಿದ್ದು ಬಿದ್ದು ನಕ್ಕಿತು. (ಆ ಸ್ಕೂಟರ್ ವಿಷಯ ನಾನು ಮನೆಯಿಂದಾಚೆ ಬಿಟ್ಟಿರಲಿಲ್ಲ. ಈಗ ನಿಮಗೂ ಗೊತ್ತಾಯಿತು, ಇರಲಿ.) ನನಗೂ ನಗು ಬಂತು. ಸುಳ್ಳು ಯಾಕೆ ಹೇಳಲಿ, ಅಂಥ ಹೆಮ್ಮೆ ನನಗೆ ಅವಳು ಕ್ಲಾಸಿಗೆ ಫಸ್ಟ್ ಬಂದ ದಿನವೂ ಆಗಿರಲಿಲ್ಲ. ಗೆಲ್ಲುವುದಕ್ಕಾಗಿ ರೋಡನ್ನು ಸುಳ್ಳು ಮಾಡಲು ಒಪ್ಪದವಳು ನನ್ನ ಮಗಳು!

ಆಮೇಲೆ ನಡೆದದ್ದನ್ನು ಕೇಳಿ. ಸ್ಪರ್ಧೆ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಘಾಟಿ ರೋಡಿನಲ್ಲಿ ಓಡಿಸಲು ಕ್ಯೂ! ಮಕ್ಕಳು, ಮಗ್ಗದವರು, ಪೈಪಿನ ಗುಂಡಿಯನ್ನು ಬೈದುಕೊಂಡೇ ರಾಜಣ್ಣ. ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಇಮ್ರಾನ್, "ಪವಿ, ಶಿವಗಂಗೆ ರೋಡ್ ಹಾಕಕ್ಕಾಗುತ್ತಾ? ಬೆಟ್ಟ ಹತ್ತೋ ಥರ?" ಎಂದು ಕೇಳುತ್ತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು.

ಟಿ.ವಿ. ಕಪ್ಪಗಾಯಿತು. ಸ್ಕೂಲು, ಗೇಟು, ಕೆರೆ ಏರಿ, ಗಂಗಮ್ಮಜ್ಜಿಯ ದಿಬ್ಬ, ಎಲ್ಲವೂ ಅಳಿಸಿಹೋಯಿತು. ಇಡೀ ಜಗಲಿ ಅಯ್ಯೋ ಎಂದಿತು. ಪವಿ ಲಂಗ ಕೊಡವಿಕೊಂಡು ಎದ್ದಳು.

"ಹೋದ್ರೆ ಹೋಗ್ಲಿ ಬಿಡ್ರೋ. ಮತ್ತೆ ಹಾಕಿದ್ರಾಯ್ತು."

ನಾವು ಮಕ್ಕಳಿಗೆ ಏನು ಕಲಿಸುತ್ತಿದ್ದೇವೆ ಹೇಳಿ. ಗೈಡಿನಲ್ಲಿರುವ ಉತ್ತರ ಗಿಣಿಪಾಠ ಮಾಡು. ಅಣ್ಣ ಹೋದ ಕಾಲೇಜಿಗೇ ಹೋಗು. ಬಲಕ್ಕೆ ಓಡು, ಹಿಂದೆ ನೋಡಬೇಡ, ಬೆಟ್ಟದ ಹಿಂದೆ ಏನೂ ಇಲ್ಲ. ಹಾಗೆ ಓಡುವುದರಲ್ಲೂ ಜಾಣತನವಿದೆ, ಇಮ್ರಾನನ ಬೆರಳು ನೋಡಿದವನು ನಾನು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂರನೇ ಸಾಲೂ ಒಂದಿದೆ ಎಂದು ಅವರಿಗೆ ಹೇಳುವವರು ಯಾರು? ಅದನ್ನು ಒತ್ತಿದರೆ ಏನೂ ಕೆಡುವುದಿಲ್ಲ ಎಂದು?

ಮೊನ್ನೆ ಪವಿ ಮಗ್ಗದ ಮುಂದೆ ನಿಂತು, "ಅಪ್ಪಾ, ಈ ನವಿಲು ಯಾಕೆ ಯಾವಾಗ್ಲೂ ಒಂದೇ ಕಡೆ ನೋಡುತ್ತೆ?" ಎಂದಳು. ಏಯ್, ಡಿಸೈನ್ ಮುಟ್ಬೇಡ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಪೇಟೆಗೆ ಹೋಗಿ, ಡಿಸೈನ್ ಬರೆಯುವ ಗ್ರಾಫ್ ಹಾಳೆ ತಂದು ಅವಳ ಮುಂದಿಟ್ಟೆ. ಈಗ ಅಡುಗೆಮನೆಯ ಬಾಗಿಲಲ್ಲಿ ಬೋರಲು ಮಲಗಿಕೊಂಡು ಅವಳು ಬರೆಯುತ್ತಿರುವ ನವಿಲು ಯಾವ ಕಡೆ ನೋಡುತ್ತದೋ, ನನಗಿನ್ನೂ ತೋರಿಸಿಲ್ಲ.

ಟೀ ಅಂಗಡಿಯ ಸ್ವಾಮಿಗಳೇ, ನಿಮ್ಮ ಪ್ರಶ್ನೆ ಮರೆತಿಲ್ಲ. ಕಪ್ ಇಮ್ರಾನನ ಮನೆಯಲ್ಲಿದೆ, ಗೆದ್ದವನು ಅವನೇ. ಆದರೆ ಅವನು ಗೆದ್ದದ್ದು ಯಾರ ರೋಡಿನಲ್ಲಿ?